ಬಿರುಕು ಮುಚ್ಚುವ ಮುನ್ನ

ಜೋಳದ ರೊಟ್ಟಿ ಬಡಿಯುವವರಿಗೆ ಬಿರುಕಿನ ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ಕೈಕೆಳಗೆ ರೊಟ್ಟಿ ಹಿಗ್ಗುತ್ತಿರುವಾಗಲೇ ಅಂಚು ಸೀಳುತ್ತದೆ. ಹಿಟ್ಟು ಹಳೆಯದಾಗಿ ಅದರ ಜಿಗುಟು ಹೋಗಿರಬಹುದು. ಎಸರು ಸರಿಯಾಗಿ ಕುದಿಯದೆ ಇರಬಹುದು. ಇಲ್ಲವೆ ನಾದಿದ್ದು ಸಾಲದೆ ಇರಬಹುದು. ಸೀಳು ಒಂದೇ, ಕಾರಣ ಮೂರು. ಹೊಸದಾಗಿ ಕಲಿಯುವವಳು ಬೆರಳಿಗೆ ನೀರು ಹಚ್ಚಿಕೊಂಡು ಸೀಳನ್ನು ಮೆತ್ತಿ ಮುಂದೆ ಬಡಿಯುತ್ತಾಳೆ. ಅದು ಹಂಚಿನ ಮೇಲೆ ಬಿದ್ದೊಡನೆ ಮತ್ತೆ ಬಾಯಿ ಬಿಡುತ್ತದೆ. ಕೈ ಪಳಗಿದವಳು ಹಾಗೆ ಮಾಡುವುದಿಲ್ಲ. ಚಿಟಿಕೆ ಹಿಟ್ಟು ತೆಗೆದು ಬೆರಳ ನಡುವೆ ತಿಕ್ಕಿ ನೋಡಿ, ತಪ್ಪು ಎಲ್ಲಿದೆ ಎಂದು ತಿಳಿದುಕೊಂಡು, ಆಮೇಲೆ ಮುಂದಿನ ಉಂಡೆಗೆ ಕೈ ಹಾಕುತ್ತಾಳೆ.

ನಲವತ್ತು ವರ್ಷ ರೊಟ್ಟಿ ಬಡಿದ ನಾನು ನಮ್ಮ ಮನೆಯ ಗೋಡೆ ಬಿರಿದಾಗ ಮಾತ್ರ ಹೊಸದಾಗಿ ಕಲಿಯುವವಳಂತೆಯೇ ನಡೆದುಕೊಂಡೆ. ಆ ಸಂಗತಿಯನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ನಾವು ಧಾರವಾಡದಲ್ಲಿ ಮನೆ ಕಟ್ಟಿಸಿದ್ದು 1996ರಲ್ಲಿ. ಇವರ ಭವಿಷ್ಯನಿಧಿಯ ಹಣ, ನನ್ನ ನಾಲ್ಕು ಬಳೆ, ಬ್ಯಾಂಕಿನ ಸಾಲ ಎಲ್ಲ ಸೇರಿ ಎದ್ದ ಮನೆ. ಧಾರವಾಡ ಎಂದರೆ ಮಲೆನಾಡಿನ ಸೆರಗು ಮುಗಿದು ಬಯಲುಸೀಮೆಯ ಎರೆಭೂಮಿ ಶುರುವಾಗುವ ಜಾಗ. ಊರಲ್ಲಿ ಏರಿಳಿತ ಬಹಳ. ನಮ್ಮ ಜಾಗವೂ ಇಳಿಜಾರಿನದು. ರಸ್ತೆಯ ಕಡೆ ಎತ್ತರ, ಹಿತ್ತಲಿನ ಕಡೆ ತಗ್ಗು. ಹೀಗಾಗಿ ಮುಂದಿನ ಪಡಸಾಲೆಯ ಕೆಳಗೆ ಒಂದು ಕೋಣೆ ಬಂತು. ಆ ಕೋಣೆಯ ರಸ್ತೆ ಕಡೆಯ ಗೋಡೆಯೇ ಮನೆಯ ಪಾಯ. ಅದರ ಆಚೆ ಬರೀ ಮಣ್ಣು, ಮಣ್ಣಿನ ಮೇಲೆ ನಮ್ಮ ಅಂಗಳ. ಅಷ್ಟು ಮಣ್ಣನ್ನು ತಡೆಯಬೇಕೆಂದು ಆ ಒಂದು ಗೋಡೆಯನ್ನು ಸರಳು ಕಟ್ಟಿ ಕಾಂಕ್ರೀಟಿನಲ್ಲಿ ಹಾಕಿಸಿದ್ದರು. ಕಾಳಿನ ಡಬ್ಬಿ, ಹಳೆಯ ತೊಟ್ಟಿಲು, ಮಕ್ಕಳ ಪುಸ್ತಕದ ಗಂಟು, ಎಲ್ಲವೂ ಆ ಕೋಣೆಯಲ್ಲೇ ಇದ್ದವು. ಗೋಡೆಯ ಕಡೆ ಮಾತ್ರ ಯಾರೂ ನೋಡುತ್ತಿರಲಿಲ್ಲ.

2019ರ ಮಾರ್ಚ್ 19ರಂದು ನಮ್ಮ ಊರಿನ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಜೀವ ಕಳೆದುಕೊಂಡರು. ಆ ಕಟ್ಟಡದ ಕಥೆ ಬೇರೆ, ನಮ್ಮ ಮನೆಯ ಕಥೆ ಬೇರೆ. ಆದರೆ ಆ ವಾರ ಊರಿನಲ್ಲಿ ತಮ್ಮ ಮನೆಯ ಗೋಡೆಗಳನ್ನು ದೃಷ್ಟಿಯಿಟ್ಟು ನೋಡದವರು ಕಡಿಮೆ. ನಾನೂ ಟಾರ್ಚು ಹಿಡಿದು ಕೆಳಗಿನ ಕೋಣೆಗೆ ಇಳಿದೆ. ಡಬ್ಬಿಗಳ ಹಿಂದೆ ಒಂದಲ್ಲ, ಮೂರು ಗೆರೆ ಕಂಡವು. ಎದೆ ಧಸಕ್ಕೆಂದಿತು. ಮಾಡಿದ್ದೇನು? ಡಬ್ಬಿಗಳನ್ನು ಮತ್ತೆ ಅಲ್ಲಿಯೇ ಸರಿಸಿಟ್ಟು ಮೇಲೆ ಬಂದೆ. ಇವರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಮೈಯಲ್ಲಿ ಗಂಟು ಕಂಡರೂ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಸೆರಗು ಹೊದ್ದುಕೊಂಡು ಓಡಾಡುವ ಹೆಂಗಸರನ್ನು ನೀವೂ ನೋಡಿರಬಹುದು. ಅಂಥವರನ್ನು ನಾನೇ ಬೈದಿದ್ದೇನೆ.

ಆ ವರ್ಷ ಆಗಸ್ಟಿನಲ್ಲಿ ಉತ್ತರ ಕರ್ನಾಟಕವನ್ನೆಲ್ಲ ತೊಯ್ಯಿಸಿದ ಮಳೆ ಬಂತಲ್ಲ, ಆಗ ಗೋಡೆ ತಾನಾಗಿಯೇ ಬಾಯಿ ಬಿಟ್ಟಿತು. ಒಂದು ಗೆರೆಯುದ್ದಕ್ಕೂ ತೇವ, ತೇವದ ಅಂಚಿಗೆ ಉಪ್ಪಿನಂಥ ಬಿಳಿ ಪುಡಿ. ಇನ್ನು ಮುಚ್ಚಿಡುವಂತಿರಲಿಲ್ಲ. ನಮ್ಮ ಓಣಿಯಲ್ಲಿ ಎಪ್ಪತ್ತೈದು ದಾಟಿದ ನಿವೃತ್ತ ಎಂಜಿನಿಯರ್ ಒಬ್ಬರಿದ್ದರು. ಓಣಿಗೆಲ್ಲ ಅವರು ಕಾಕಾ. ಅವರನ್ನು ಕರೆದುಕೊಂಡು ಬಂದೆ.

ಕಾಕಾ ಮೊದಲು ಗೋಡೆಯನ್ನು ಮುಟ್ಟಲಿಲ್ಲ. ಡಬ್ಬಿಗಳನ್ನೆಲ್ಲ ಹೊರಗೆ ಇಡಿಸಿ, ಮೂರು ಮಾರು ದೂರ ಒಂದು ಸ್ಟೂಲಿನ ಮೇಲೆ ಕುಳಿತು ಸುಮ್ಮನೆ ನೋಡಿದರು. ಆಮೇಲೆ ಎದ್ದು ಮೂರೂ ಗೆರೆಗಳನ್ನು ಬೆರಳಿನಿಂದ ತೋರಿಸುತ್ತ ಒಂದೊಂದರ ಜಾತಕ ಹೇಳಿದರು.

ಮೊದಲನೆಯದು ಕೂದಲೆಳೆಯಷ್ಟು ಸಣ್ಣದು, ನೆಟ್ಟಗೆ ಮೇಲಿನಿಂದ ಕೆಳಕ್ಕೆ ಇಳಿದಿತ್ತು. ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ. ಹಾಕಿದ ಮೇಲೆ ಕನಿಷ್ಠ ಏಳು ದಿನವಾದರೂ ಅದನ್ನು ತೇವವಾಗಿ ಇಡಬೇಕು. ಬಿಸಿಲುಗಾಲದಲ್ಲಿ ಇನ್ನೂ ಹೆಚ್ಚು ದಿನ. ನಮ್ಮ ಊರಿನ ನೀರಿನ ಪಾಡು ಗೊತ್ತಿದ್ದದ್ದೇ. 1996ರ ಬೇಸಿಗೆಯಲ್ಲಿ ಗೋಡೆ ನೀರಿಗೆ ಬಾಯಾರಿತ್ತು, ಅದರ ಗುರುತು ಇದು. "ಇದಕ್ಕ ಇಪ್ಪತ್ಮೂರು ವರ್ಷ ಆತವಾ. ಇದು ಬಾಲ್ಯದ ಕಲೆ, ಇದರಿಂದ ಏನೂ ಆಗೂದಿಲ್ಲ" ಎಂದರು.

ಎರಡನೆಯದು ಸಣ್ಣ ಗವಾಕ್ಷಿಯ ಮೂಲೆಯಿಂದ ಓರೆಯಾಗಿ ಹೊರಟಿತ್ತು. ಗೋಡೆಯಲ್ಲಿ ಎಲ್ಲಿ ಬಾಗಿಲು, ಕಿಟಕಿ ಬಿಡುತ್ತೇವೋ ಅಲ್ಲಿ ಮೂಲೆಗಳ ಮೇಲೆ ಭಾರ ಹೆಚ್ಚು. ಓರೆ ಬಿರುಕು ಕೆಳಗಿಗಿಂತ ಮೇಲೆ ಅಗಲವಾಗಿ, ಇಕ್ಕೆಲದ ಅಂಚುಗಳು ಒಂದಕ್ಕೊಂದು ಹೆಚ್ಚುಕಡಿಮೆಯಾಗಿದ್ದರೆ ಪಾಯ ಒಂದು ಕಡೆ ಕುಸಿಯುತ್ತಿದೆ ಎಂಬ ಅನುಮಾನ ಪಡಬೇಕು. ನಮ್ಮದು ಉದ್ದಕ್ಕೂ ಒಂದೇ ಸಣ್ಣಗಿತ್ತು. ಅದರ ಮೇಲೆ ಕಣ್ಣಿಟ್ಟರೆ ಸಾಕು.

ಮೂರನೆಯದನ್ನು ನೋಡಿ ಅವರು ಸುಮ್ಮನಾದರು. ಅದು ಗೋಡೆಯ ನಡುಮಟ್ಟದಲ್ಲಿ ಅಡ್ಡಲಾಗಿ, ಈ ಮೂಲೆಯಿಂದ ಆ ಮೂಲೆಯ ಹತ್ತಿರದವರೆಗೆ ಹೋಗಿತ್ತು. ಅಗಲ ಎರಡು ಮಿಲಿಮೀಟರ್ ಇದ್ದೀತು. ಮೇಲಿನಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಅಳೆದರು. ನಡುವೆ ಗೋಡೆ ಅರ್ಧ ಇಂಚಿನಷ್ಟು ಒಳಗೆ ಉಬ್ಬಿತ್ತು. ಕಾಂಕ್ರೀಟಿನ ಸ್ವಭಾವವೇ ಹಾಗಂತೆ. ಮೇಲಿನಿಂದ ಎಷ್ಟು ಒತ್ತಿದರೂ ತಾಳಿಕೊಳ್ಳುತ್ತದೆ, ಎಳೆದರೆ ತಾಳುವುದಿಲ್ಲ. ಎಳೆತವನ್ನು ತಾಳಲಿ ಎಂದೇ ಒಳಗೆ ಉಕ್ಕಿನ ಸರಳು ಇಡುವುದು. ಹೊರಗಿನ ಮಣ್ಣು ದೂಡಿದಾಗ ಒಳಮೈ ಹಿಗ್ಗಿ ನಡುವೆ ಅಡ್ಡಕ್ಕೆ ಹರಿಯುತ್ತದೆ. "ಬಿರುಕು ಎಷ್ಟು ದೊಡ್ಡದು ಅಂತ ಎಲ್ಲಾರೂ ಕೇಳ್ತಾರ. ಯಾವ ಕಡೆ ಹೊಂಟದ, ಇನ್ನೂ ಬೆಳ್ಯಾಕತ್ತದೋ ನಿಂತದೋ, ಅದನ್ನ ಯಾರೂ ಕೇಳೂದಿಲ್ಲ" ಎಂದರು ಕಾಕಾ.

ಬೆಳೆಯುತ್ತಿದೆಯೋ ಇಲ್ಲವೋ ಎಂದು ತಿಳಿಯುವ ಉಪಾಯ ಬಹಳ ಸರಳ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಸಿದರು. ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ತೆಳು ಗಾಜಿನ ಪಟ್ಟಿ ಇಟ್ಟು ಅದರ ಎರಡು ತುದಿಗಳನ್ನು ಮಾತ್ರ ಸಿಮೆಂಟಿನಿಂದ ಕೂಡಿಸಿದರು. ಗೋಡೆ ಸ್ವಲ್ಪ ಸರಿದರೂ ಗಾಜು ತಾಳದೆ ಒಡೆಯುತ್ತದೆ. "ಒಂದು ಬ್ಯಾಸಗಿ, ಒಂದು ಮಳಿಗಾಲ ನೋಡು ತಂಗೀ. ಅಲ್ಲೀತನಕ ಗಿಲಾವು ಮಾಡಸಬ್ಯಾಡ. ಗಿಲಾವು ಮಾಡಿದ್ರ ಗ್ವಾಡಿ ಏನು ಹೇಳಾಕತ್ತದ ಅನ್ನೂದು ಕೇಳಸೂದಿಲ್ಲ."

ನನ್ನ ಲೆಕ್ಕದ ವಹಿಯ ಹಿಂದಿನ ಪುಟಗಳಲ್ಲಿ, ಹಾಲಿನವನ ಲೆಕ್ಕದ ಪಕ್ಕದಲ್ಲಿ, ಗೋಡೆಯ ಲೆಕ್ಕವೂ ಶುರುವಾಯಿತು. ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಇಳಿದು ನೋಡುತ್ತಿದ್ದೆ. 2020ರ ಬೇಸಿಗೆಯಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಾಗ ಈ ಕೆಲಸಕ್ಕೆ ತಪ್ಪಲಿಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ ಗಾಜು ನಡುವೆ ಸೀಳಿತ್ತು.

ಕಾಕಾ ಬಂದರು. ಈ ಸಲ ಕೆಳಗೆ ಇಳಿಯಲಿಲ್ಲ, ಮೇಲೆ ಅಂಗಳದಲ್ಲಿ ಗೋಡೆಯ ನೇರಕ್ಕೆ ನಿಂತರು. ಅಲ್ಲಿ ನನ್ನ ಹೂದೋಟ. ಎರಡು ಮಲ್ಲಿಗೆ ಹಂಬು, ಒಂದು ಪಾರಿಜಾತ, ಕೊನೆಯಲ್ಲಿ ಬಾಳೆಯ ಹಿಂಡು. ಕುಡುಗೋಲಿನಿಂದ ಕೆದಕಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಿದರು. ಕಪ್ಪು ಮಣ್ಣು, ಅಂಟಂಟು. ಗೋಡೆ ಕಟ್ಟಿದ ಮೇಲೆ ಹಿಂದಿನ ಸಂದು ತುಂಬಲು ಗೌಂಡಿಗಳು ಎಲ್ಲಿಂದಲೋ ಎರೆಮಣ್ಣು ತಂದು ಸುರಿದಿದ್ದರು. ಎರೆಮಣ್ಣಿನ ಗುಣ ಹೊಲದವರಿಗೆ ಗೊತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಹತ್ತಿಗೆ ಅದು ತಾಯಿ, ಪಾಯಕ್ಕೆ ಅದು ಮಲತಾಯಿ.

"ಇಲ್ಲಿ ಮೊದಲಿಂದ ಹಿಂಗ ಬರೇ ಮಣ್ಣಿತ್ತೇನು?" ಎಂದು ಕೇಳಿದರು.

ಇರಲಿಲ್ಲ. ಮನೆ ಕಟ್ಟಿದಾಗ ಗೋಡೆಯುದ್ದಕ್ಕೂ ಫರಸಿ ಹಾಸಿ, ನೀರು ಪಕ್ಕದ ಗಟಾರಿಗೆ ಹರಿದು ಹೋಗುವಂತೆ ಇಳಿಜಾರು ಕೊಟ್ಟಿದ್ದರು. ಆ ಫರಸಿ ಕೀಳಿಸಿದವಳು ನಾನೇ. ಬರೀ ಕಲ್ಲಿನ ಅಂಗಳ ಬೋಳು ಬೋಳಾಗಿ ಕಾಣುತ್ತದೆ, ದೇವರಿಗೆ ನಾಲ್ಕು ಹೂವಾದರೂ ಆಗಲಿ ಎಂದು 2008ರಲ್ಲಿ ತೆಗೆಸಿದ್ದೆ. ಆವತ್ತಿನಿಂದ ಬೆಳಿಗ್ಗೆ ಎರಡು, ಸಂಜೆ ಎರಡು ಕೊಡ ನೀರು. ಮಾಳಿಗೆಯ ನೀರು ಇಳಿಯುವ ಪೈಪಿನ ಮೊಳಕೈ ಮುರಿದಾಗ ಅದನ್ನು ರಿಪೇರಿ ಮಾಡಿಸದೆ, ಬಾಳೆಗೆ ಅನುಕೂಲವಾಯಿತು ಎಂದು ಹಾಗೆಯೇ ಬಿಟ್ಟವಳೂ ನಾನೇ. ಹನ್ನೆರಡು ವರ್ಷ ನಾನು ಮಲ್ಲಿಗೆಗೆ ಹಾಕಿದ ನೀರನ್ನು ಆ ಮಣ್ಣು ಕುಡಿದು ಉಬ್ಬಿ ಗೋಡೆಯನ್ನು ದೂಡುತ್ತ ಬಂದಿತ್ತು.

ಗೋಡೆ ಬಿರಿದಿದ್ದಕ್ಕೆ ನಾನು ಮನಸ್ಸಿನಲ್ಲಿ ಯಾರು ಯಾರನ್ನೋ ಬೈದಿದ್ದೆ. ಸಿಮೆಂಟಿನಲ್ಲಿ ಕದ್ದರು ಎಂದು ಗೌಂಡಿಯನ್ನು, ಭಾರದ ಲಾರಿ ಓಡಿಸುತ್ತಾರೆ ಎಂದು ರಸ್ತೆಯವರನ್ನು, ವಾಸ್ತು ನೋಡಲಿಲ್ಲ ಎಂದು ಇವರನ್ನು. ಕಾರಣ ಹುಡುಕುತ್ತ ಹೊರಟರೆ ದಾರಿ ಬಂದು ನಿಂತದ್ದು ನನ್ನ ಕೊಡದ ಹತ್ತಿರ. ಬಿರುಕನ್ನು ನೋಡಲು ನಾವು ಯಾಕೆ ಹೆದರುತ್ತೇವೆ ಎಂದು ಆಗ ಅರ್ಥವಾಯಿತು. ಮನೆ ಬಿದ್ದೀತೆಂಬ ಭಯ ಇರುತ್ತದೆ, ನಿಜ. ನೋಡುತ್ತಾ ಹೋದರೆ ನಮ್ಮದೇ ಹೆಜ್ಜೆ ಗುರುತು ಕಂಡೀತೆಂಬ ಭಯವೂ ಅದರ ಜೊತೆಗೆ ಇರುತ್ತದೆ.

ಕಾಕಾ ನನ್ನ ಮುಖ ನೋಡಿ, "ಗೊತ್ತಿಲ್ಲದ ಮಾಡಿದ್ದಕ್ಕ ಅಳಬ್ಯಾಡ. ಗೊತ್ತಾದ ಮ್ಯಾಲ ಏನು ಮಾಡ್ತಿ, ಅದನ್ನ ನೋಡು" ಎಂದರು. ಮಳೆ ಮುಗಿದ ಮೇಲೆ ಬಾಳೆ, ಮಲ್ಲಿಗೆ ಕೀಳಿಸಿ, ಮತ್ತೆ ಫರಸಿ ಹಾಸಿಸಿ, ಪೈಪು ಸರಿ ಮಾಡಿಸಿದೆವು. ಹೊಸ ಗಾಜು ಕೂಡಿಸಿದರು. ಜೊತೆಗೆ ಒಳಗಡೆಯಿಂದ ಗೋಡೆಗೆ ಎರಡು ಆಸರೆ ಕಂಬ ಕಟ್ಟಿಸಿಬಿಡಿ, ಉಬ್ಬಿದ ಗೋಡೆ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ ಎಂದೂ ಹೇಳಿದರು. ಖರ್ಚು ನೋಡಿ ಇವರು ಮುಂದಿನ ವರ್ಷ ನೋಡೋಣ ಎಂದರು. 2021ರ ಬೇಸಿಗೆಯಲ್ಲಿ ಕಾಕಾ ಹೋಗಿಬಿಟ್ಟರು. ಆ ಮಳೆಗಾಲ ಮುಗಿದರೂ ಗಾಜು ಒಡೆಯಲಿಲ್ಲ. ಸುದ್ದಿ ಹೇಳೋಣವೆಂದರೆ ಅವರಿರಲಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. 2022ರಲ್ಲಿ ಮನೆ ಮಾರುವ ಮಾತು ಬಂತು. ಇವರಿಗೆ ಮೊಳಕಾಲು ನೋವು, ಇಳಿಜಾರಿನ ಮನೆಯ ಮೆಟ್ಟಿಲು ಹತ್ತಲಾಗದು. ಬೆಂಗಳೂರಿನ ಮಗ ಬಂದುಬಿಡಿ ಎನ್ನುತ್ತಿದ್ದ. ಗಿರಾಕಿಗಳು ಬರುವ ಮೊದಲು ಇವರು ಗೌಂಡಿಯನ್ನು ಕರೆಸಿ ಗಾಜು ಕಿತ್ತು, ಬಿರುಕಿಗೆ ಸಿಮೆಂಟು ತುಂಬಿ, ಗಿಲಾವು ಮಾಡಿಸಿ ತಿಳಿ ಹಳದಿ ಬಣ್ಣ ಹೊಡೆಸಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೆ ಗೌಂಡಿಗೆ ಚಹಾ ಮಾಡಿಕೊಟ್ಟೆ ಎಂದೂ ಅರ್ಥ.

ನೋಡಲು ಬಂದವರು ಎಳೆಯ ಗಂಡ ಹೆಂಡತಿ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ, ಕಂಕುಳಲ್ಲಿ ವರ್ಷದ ಕೂಸು. ಬ್ಯಾಂಕಿನ ಸಾಲ ಸಾಲದೆ ಬಂಗಾರ ಒತ್ತೆಯಿಡುವ ಮಾತಾಡುತ್ತಿದ್ದರು. ಆಕೆಯ ಕೈಯಲ್ಲಿ ನನ್ನ ಹಳೆಯ ಬಳೆಗಳಂಥವೇ ನಾಲ್ಕು ಬಳೆ ಇದ್ದವು. ಕೆಳಗಿನ ಕೋಣೆಗೆ ಬಂದವಳು ಅಂಗೈಯನ್ನು ಗೋಡೆಯ ಮೇಲಿಟ್ಟು ಕೇಳಿದಳು, "ಕಾಕೂ, ಇದೊಂದು ಗ್ವಾಡಿಗೆ ಅಷ್ಟ ಯಾಕ್ರೀ ಹೊಸಾ ಬಣ್ಣ?"

"ಮಳಿಗಾಲದಾಗ ಸ್ವಲ್ಪ ತೇವ ಬರ್ತಿತ್ತವಾ, ಅದಕ್ಕ ಹೊಡಿಸೇವಿ" ಎಂದೆ.

ಒಂದು ಶಬ್ದವೂ ಸುಳ್ಳಲ್ಲ. ತೇವ ಬರುತ್ತಿದ್ದದ್ದು ನಿಜ, ಬಣ್ಣ ಹೊಡೆಸಿದ್ದೂ ನಿಜ. ನಿಜವಾದ ಮಾತುಗಳನ್ನೇ ಆರಿಸಿ ಜೋಡಿಸಿ ಒಬ್ಬರ ಕಣ್ಣಿಗೆ ಕಟ್ಟಬಹುದು ಎಂದು ಅರವತ್ತಾರರ ವಯಸ್ಸಿನಲ್ಲಿ ನನ್ನ ಬಾಯಿಂದಲೇ ಕಲಿತೆ.

ರಾತ್ರಿ ಇವರೊಡನೆ ಮಾತು ತೆಗೆದೆ. ಇವರ ವಾದವನ್ನೂ ನ್ಯಾಯವಾಗಿಯೇ ಹೇಳಬೇಕು. "ವರ್ಷೊಪ್ಪತ್ತು ಗಾಜು ಒಡದಿಲ್ಲ ಅಂದ್ರ ಜಡ್ಡು ವಾಸಿ ಆತು. ವಾಸಿ ಆದ ಜಡ್ಡಿಂದು ಯಾರರ ಡಂಗುರಾ ಹೊಡೀತಾರೇನು? ಎಲ್ಲಾರೂ ಬಣ್ಣಾ ಹೊಡಿಸೇ ಮಾರತಾರ. ಈ ರೊಕ್ಕ ನಮ್ಮ ದವಾಖಾನಿಗೆ ಇಟ್ಟಿದ್ದು" ಎಂದರು. ಇವರು ದುರಾಸೆಯ ಮನುಷ್ಯರಲ್ಲ. ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ಒಂದು ಪೆನ್ನನ್ನೂ ಮನೆಗೆ ತಂದವರಲ್ಲ. ಹೆಣ್ಣು ತೋರಿಸುವಾಗ ಹುಡುಗಿಗೆ ಚಿಕ್ಕಂದಿನಲ್ಲಿ ಬಂದು ಹೋದ ಕಾಯಿಲೆಯನ್ನು ನಾವೆಲ್ಲ ಹೇಳುತ್ತೇವೆಯೇ? ಆ ಮೊದಲನೆಯ ಕೂದಲೆಳೆಯ ಗೆರೆಯನ್ನು ನಾನೂ ಹೇಳುತ್ತಿರಲಿಲ್ಲ. ಹೇಳದೆ ಬಿಟ್ಟಿದ್ದೆಲ್ಲ ವಂಚನೆ ಎನ್ನಲಾಗದು. ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು?

ಮರುದಿನ ನಮ್ಮ ಪರಿಚಯದ ವಕೀಲರೊಬ್ಬರನ್ನು, ಯಾರದೋ ಮಾತೆಂಬಂತೆ, ಕೇಳಿದೆ. ಅವರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಂ ತೆಗೆದು ತೋರಿಸಿದರು. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಅವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ದೊಡ್ಡ ದೋಷವಿದ್ದರೆ ಅದನ್ನು ಹೇಳುವುದು ಮಾರುವವನ ಹೊಣೆ. ಹೇಳದಿದ್ದರೆ ಅದು ಮೋಸ. ಓದಿ ಬೆವರಿದೆ. ಬಣ್ಣ ಹೊಡೆಯುವ ಮೊದಲು ನಮ್ಮ ಬಿರುಕು ಯಾರ ಕಣ್ಣಿಗಾದರೂ ಬೀಳುವಂತಿತ್ತು. ಅದನ್ನು ಕಾಣದ ದೋಷವನ್ನಾಗಿ ಮಾಡಿದ್ದು ನಮ್ಮ ಗಿಲಾವು.

ಆದರೆ ನನ್ನ ಮನಸ್ಸನ್ನು ತಿರುಗಿಸಿದ್ದು ಕಾಯ್ದೆ ಅಲ್ಲ. ಆ ಹುಡುಗಿ ಹೊರಡುವಾಗ ಅಂಗಳದ ಫರಸಿಯ ಮೇಲೆ ನಿಂತು ಗಂಡನಿಗೆ ಹೇಳಿದ್ದಳು, "ಈ ಕಲ್ಲು ತಗಸಿ ಇಲ್ಲಿ ನಾಕು ಹೂವಿನ ಗಿಡಾ ಹಚ್ಚೂಣು." ಆ ಮಾತು ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ವಾಸಿಯಾದ ಜಡ್ಡು ಎಂದು ಇವರು ಹೇಳಿದ್ದು ನಿಜವೇ. ಆದರೆ ಪಥ್ಯದಿಂದ ವಾಸಿಯಾದ ಜಡ್ಡು ಅದು. ಪಥ್ಯ ಏನೆಂದು ತಿಳಿಯದವಳ ಕೈಗೆ ಕೊಟ್ಟರೆ ಮತ್ತೆ ಮೇಲೇಳುತ್ತದೆ. ಆಕೆ ನನ್ನಂತೆಯೇ ಕಲ್ಲು ಕೀಳಿಸುತ್ತಾಳೆ, ನನ್ನಂತೆಯೇ ಸಂಜೆ ಎರಡು ಕೊಡ ನೀರು ಹಾಕುತ್ತಾಳೆ, ಕೆಳಗಿನ ಕೋಣೆಯಲ್ಲಿ ಕೂಸಿನ ತೊಟ್ಟಿಲು ತೂಗುತ್ತಾಳೆ. ನಾನು ಮಾಡಿದ್ದು ತಿಳಿಯದೆ. ಆಕೆ ಮಾಡುವುದೂ ತಿಳಿಯದೆಯೇ. ಆದರೆ ಆಗ ತಿಳಿದೂ ಸುಮ್ಮನಿದ್ದವಳು ಒಬ್ಬಳಿರುತ್ತಾಳೆ, ಬೆಂಗಳೂರಿನಲ್ಲಿ. ಹೇಳಬೇಕೋ ಬೇಡವೋ ಎಂಬುದಕ್ಕೆ ನನಗೆ ಸಿಕ್ಕ ಅಳತೆ ಇಷ್ಟೇ. ಆ ಮಾತು ಗೊತ್ತಿಲ್ಲದಿದ್ದರೆ ನಾಳೆ ಅಲ್ಲಿ ಬದುಕುವವರಿಗೆ ಕೇಡಾದೀತೇ? ಆಗದಿದ್ದರೆ ಅದು ನಮ್ಮ ಮನೆಯ ಗುಟ್ಟು. ಆಗುವಂತಿದ್ದರೆ ಅದು ಅವರಿಗೆ ಸೇರಿದ ಮಾತು, ಇಟ್ಟುಕೊಳ್ಳಲು ನಮಗೆ ಹಕ್ಕಿಲ್ಲ.

ಮೂರನೆಯ ದಿನ ಆಕೆಯನ್ನು ಕರೆಸಿ, ಗೋಡೆಯ ಮುಂದೆ ಕೂಡಿಸಿ, ಲೆಕ್ಕದ ವಹಿ ತೆರೆದು ಎಲ್ಲ ಹೇಳಿದೆ. ಆಕೆ ಕೂಸನ್ನು ಅವಚಿಕೊಂಡು ಕೇಳಿದಳು. ಕೊನೆಗೆ, "ಮೊದಲ ಕೇಳಿದಾಗ ಯಾಕ ಹೇಳಲಿಲ್ರೀ ಕಾಕೂ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮನೆ ಕೊಳ್ಳಲಿಲ್ಲ. ನಿಜ ಹೇಳಿದರೆ ಒಳ್ಳೆಯದೇ ಆಗುತ್ತದೆ ಎಂದು ಕಥೆಗಳಲ್ಲಿ ಓದುತ್ತೇವೆ. ನಮಗೆ ಆದದ್ದು ನಷ್ಟ. ಅವರು ಮುಂದೆ ಬೇರೆ ಬಡಾವಣೆಯಲ್ಲಿ ಮನೆ ಕೊಂಡರೆಂದು ಕೇಳಿದೆ. ಅಲ್ಲಿಯ ಗೋಡೆಗಳ ಬಣ್ಣದ ಹಿಂದೆ ಏನಿದೆಯೋ ಅವರಿಗೆ ಯಾರಾದರೂ ಹೇಳಿದರೋ ಇಲ್ಲವೋ.

ಇವರು ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ಊಟಕ್ಕೆ ಕುಳಿತಾಗ, "ಮುಂದ ಬಂದೋರಿಗೂ ಹೇಳಾಕಿ ಏನು?" ಎಂದರು. "ಹೌದ್ರಿ" ಎಂದೆ. ರೊಟ್ಟಿ ಮುರಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಆ ಕಂಬರ ಕಟ್ಟಿಸಿ ಹೇಳೂಣು" ಎಂದರು. ಕಂಬ ಕಟ್ಟಿಸಿದೆವು. ಅದಕ್ಕೆ ಒಂದೂವರೆ ಲಕ್ಷ ಹೋಯಿತು, ಮುಂದೆ ಮಾರಾಟದ ಬೆಲೆಯಲ್ಲಿ ಇನ್ನೆರಡು ಲಕ್ಷ ಬಿಟ್ಟುಕೊಡಬೇಕಾಯಿತು. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ಈಗಲೂ ಔಷಧಿಯ ಚೀಟಿ ನೋಡುವಾಗ ಒಮ್ಮೊಮ್ಮೆ ನೆನಪಾಗುತ್ತದೆ.

2023ರಲ್ಲಿ ಮನೆ ಕೊಂಡವರು ನಡುವಯಸ್ಸಿನವರು. ಕೀಲಿಕೈ ಕೊಡುವ ದಿನ ಲೆಕ್ಕದ ವಹಿಯ ಆ ಪುಟಗಳನ್ನು ಹರಿದು, ಹೊಲಿದು, ಆ ಮನೆಯಾಕೆಯ ಕೈಗೆ ಕೊಟ್ಟೆ. ಕಂಬಗಳ ನಡುವೆ ಹೊಸದೊಂದು ಗಾಜಿನ ಪಟ್ಟಿ ಕೂಡಿಸಿ ತಾರೀಖು ಬರೆದಿಟ್ಟಿದ್ದೆ. ಆಕೆ ಎಲ್ಲ ನಿಧಾನವಾಗಿ ಓದಿ, ಅಂಗಳಕ್ಕೆ ಬಂದು ಫರಸಿಯನ್ನು ನೋಡುತ್ತ ನಿಂತಳು.

"ಹಂಗಾರ ಇಲ್ಲಿ ಒಂದು ಮಲ್ಲಿಗಿ ಬಳ್ಳಿನೂ ಹಚ್ಚೂಹಂಗಿಲ್ಲೇನ್ರೀ?" ಎಂದಳು.

"ಕುಂಡ್ಯಾಗ ಹಚ್ಚವಾ" ಎಂದೆ. "ಕುಂಡಿ ಕೆಳಗ ಒಂದು ತಾಟು ಇಡು, ನೀರು ಕೆಳಗ ಇಳೀಬಾರದು."